ರಜೆಯ ಮೇಲೆ ಕೇಸ್: ಫ್ರಾನ್ಸಿನ ಕುಟುಂಬಗಳು ಬೀಚಿಗೆ ಹೋದ ಕಥೆ

ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್‌ಗೆ ಹೋದವರು ಒಂದು ವಿಚಿತ್ರ ನೋಡಿರ್ತಾರೆ. ಬೇಕರಿ ಬಂದ್, ಮೂಲೆ ಅಂಗಡಿ ಬಂದ್, ಸಲೂನ್ ಬಂದ್. ಶಟರ್ ಮೇಲೆ ಒಂದು ಚೀಟಿ: ವಾರ್ಷಿಕ ರಜೆ, ಸೆಪ್ಟೆಂಬರಿನಲ್ಲಿ ಸಿಗೋಣ. ಅದೇ ಹೊತ್ತಿಗೆ ಕಡಲ ಕಡೆ ಹೋಗುವ ಹೆದ್ದಾರಿಗಳಲ್ಲಿ ಕಾರುಗಳ ಸಾಲು. ಯಾವ ಶನಿವಾರ ಎಷ್ಟು ಟ್ರಾಫಿಕ್ ಅಂತ ಹೇಳೋಕೆ ಅಲ್ಲಿನ ಸರ್ಕಾರ 1976ರಿಂದ ಒಂದು ಸೇವೆಯನ್ನೇ ನಡೆಸ್ತಿದೆ. ಹೆಸರು ಬಿಸೋಂ ಫ್ಯುತೆ, ಅಂದ್ರೆ ಜಾಣ ಕಾಡೆಮ್ಮೆ. ಹಸಿರು ದಿನ ಆರಾಮ, ಕಪ್ಪು ದಿನ ಅಂದ್ರೆ ಮನೆಯಲ್ಲೇ ಇರಿ ಅಂತ ಅರ್ಥ.

ಅಪ್ಪ, ಅಮ್ಮ, ಮಕ್ಕಳು, ಟೆಂಟು, ಕಡಲು. ಇದು ಫ್ರೆಂಚರ ರಕ್ತದಲ್ಲೇ ಇರುವ ಅಭ್ಯಾಸ ಅನ್ನಿಸುತ್ತೆ. ಆದರೆ ನಾನು ಬಿ.ಕಾಂ ಓದಿದವನು, ಯಾವ ಅಭ್ಯಾಸ ನೋಡಿದರೂ ಮೊದಲು ಕೇಳೋದು ಬಿಲ್ ಯಾರು ಕಟ್ಟಿದ್ದು ಅಂತ. ಆ ಪ್ರಶ್ನೆ ಹಿಡಿದು ಹೊರಟರೆ ಒಂದು ಮುಷ್ಕರ, ಒಂದು ರೈಲ್ವೆ ಟಿಕೆಟ್, ಕೊನೆಗೆ ಒಂದು ಕೋರ್ಟ್ ಕೇಸಿನವರೆಗೆ ಬರ್ತೀವಿ.

ಮೊದಲು ಕಡಲು ಅಂದ್ರೆ ಔಷಧಿ. 1820ರ ದಶಕದಲ್ಲಿ ಬೆರಿಯ ಡಚೆಸ್ ಅನ್ನೋ ರಾಜಮನೆತನದ ಹೆಣ್ಣುಮಗಳು ಉತ್ತರ ತೀರದ ದಿಯೆಪ್ ಊರಿಗೆ ಕಡಲ ಸ್ನಾನಕ್ಕೆ ಬರೋಕೆ ಶುರು ಮಾಡಿದಳು. ದೊಡ್ಡವರು ಹಿಂದೆಯೇ ಬಂದರು. 1848ರಲ್ಲಿ ದಿಯೆಪ್‌ಗೆ ರೈಲು ಬಂತು. 1860ರ ಸುಮಾರಿಗೆ ಮೂರನೇ ನೆಪೋಲಿಯನ್ನನ ಮಲತಮ್ಮ ಡ್ಯೂಕ್ ದ ಮೋರ್ನಿ, ಮರಳುದಿಬ್ಬ ಮತ್ತು ಜೌಗು ನೆಲ ಇದ್ದ ಕಡೆ ದೋವಿಲ್ ಅನ್ನೋ ಊರನ್ನೇ ಕಟ್ಟಿಸಿದ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಪಕ್ಕಾ ರಿಯಲ್ ಎಸ್ಟೇಟ್ ಪ್ರಾಜೆಕ್ಟ್. 1863ರಲ್ಲಿ ರೈಲು ಸಿಕ್ಕಿತು, ಶ್ರೀಮಂತರೂ ಸಿಕ್ಕರು.

ಅದರ ಪಕ್ಕದ ಊರು ತ್ರುವಿಲ್. 1870ರ ಬೇಸಿಗೆಯಲ್ಲಿ ಅಲ್ಲಿಗೆ ಕ್ಲೋದ್ ಮೊನೆ ಅನ್ನೋ ಚಿತ್ರಕಾರ ಬಂದ. ಆಗಷ್ಟೇ ಮದುವೆಯಾಗಿತ್ತು. ಜೊತೆಗೆ ಹೆಂಡತಿ ಕಮಿಲ್, ಇನ್ನೂ ಮೂರು ತುಂಬದ ಮಗ. ಬೀಚಿನಲ್ಲೇ ಕೂತು ಬರೆದ ಒಂದು ಪುಟ್ಟ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿಕೊಂಡಿವೆ, ಗಾಳಿಗೆ ಹಾರಿ ಬಂದು ಕೂತದ್ದು. ಇಬ್ಬರು ಹೆಂಗಸರ ನಡುವೆ ಒಂದು ಖಾಲಿ ಕುರ್ಚಿ, ಅದಕ್ಕೆ ನೇತುಹಾಕಿರೋದು ಬಹುಶಃ ಮಗುವಿನ ಶೂ. ಫ್ರೆಂಚ್ ಫ್ಯಾಮಿಲಿ ರಜೆಯ ಫೋಟೋ ಆಲ್ಬಮ್ ಶುರುವಾಗೋದು ಇಲ್ಲಿಂದ ಅಂತ ನನಗನ್ನಿಸುತ್ತೆ. ಅದೇ ಜುಲೈನಲ್ಲಿ ಪ್ರಶ್ಯದ ಜೊತೆ ಯುದ್ಧ ಶುರುವಾಯ್ತು, ಶರತ್ಕಾಲದ ಹೊತ್ತಿಗೆ ಮೊನೆ ಕುಟುಂಬ ಲಂಡನ್ ಸೇರಿತು. ಈ ಕಡಲತೀರದಲ್ಲಿ ರಜೆ ಮತ್ತು ಯುದ್ಧ ಮುಖಾಮುಖಿಯಾಗೋದು ಇದೊಂದೇ ಸಲ ಅಲ್ಲ, ಮುಂದೆ ನೋಡ್ತೀರಿ.

ಆ ಕಾಲದ ಮಧ್ಯಮ ವರ್ಗದ ಮೇಲ್‌ಸ್ತರದ ಮನೆಗಳಲ್ಲಿ ಹೆಂಡತಿ ಮಕ್ಕಳು ಇಡೀ ಬೇಸಿಗೆ ಕಡಲೂರಲ್ಲಿ. ಗಂಡ ಪ್ಯಾರಿಸ್‌ನಲ್ಲಿ ದುಡಿಮೆ. ಶನಿವಾರ ರೈಲು ಹತ್ತಿ ಬರೋದು, ಭಾನುವಾರ ಮುಗಿಸಿ ವಾಪಸ್. ಆ ರೈಲಿಗೆ ಜನ ಇಟ್ಟ ಹೆಸರು ‘ಗಂಡಂದಿರ ರೈಲು’.

ಕಾರ್ಮಿಕರ ಕಥೆ? ಸರ್ಕಾರಿ ನೌಕರರಿಗೆ 1853ರಿಂದಲೇ ಸಂಬಳದ ರಜೆ ಇತ್ತು. ಮುಂದೆ ಪ್ಯಾರಿಸ್ ಮೆಟ್ರೋದಂಥ ಕೆಲವು ಕಡೆಯೂ ಬಂತು. ಆದರೆ ಫ್ಯಾಕ್ಟರಿಯಲ್ಲಿ ದುಡಿಯುವವನಿಗೆ ಬಿಡುವು ಅಂದ್ರೆ ಕೂಲಿ ಇಲ್ಲದ ದಿನ. ಎರಡು ವಾರ ಕೆಲಸ ಇಲ್ಲ ಅಂದ್ರೆ ಅದರ ಹೆಸರು ನಿರುದ್ಯೋಗ. ಯುರೋಪಿನ ಹಲವು ದೇಶಗಳು ಆಗಲೇ ಸಂಬಳದ ರಜೆಗೆ ಕಾನೂನು ಮಾಡಿದ್ದವು. ಈಗ ರಜೆಗೆ ಇನ್ನೊಂದು ಹೆಸರಾಗಿರುವ ಫ್ರಾನ್ಸ್ ಈ ವಿಷಯದಲ್ಲಿ ಹಿಂದೆ ಇತ್ತು.

1936ರ ಮೇ ತಿಂಗಳಲ್ಲಿ ಎಡಪಕ್ಷಗಳ ಮೈತ್ರಿಕೂಟ ‘ಪಾಪ್ಯುಲರ್ ಫ್ರಂಟ್’ ಚುನಾವಣೆ ಗೆದ್ದಿತು. ನಾಯಕ ಲಿಯೋಂ ಬ್ಲುಮ್. ಹೊಸ ಸರ್ಕಾರ ಅಧಿಕಾರಕ್ಕೆ ಬರುವ ಮೊದಲೇ ಕಾರ್ಮಿಕರು ಮುಷ್ಕರಕ್ಕಿಳಿದರು. ಸುಮಾರು 20 ಲಕ್ಷ ಜನ. ಬೀದಿಗೆ ಬರಲಿಲ್ಲ, ಫ್ಯಾಕ್ಟರಿ ಒಳಗೇ ಕೂತರು. ಮೆಷಿನ್‌ಗಳ ಪಕ್ಕದಲ್ಲೇ ಮಲಗಿದರು, ಅಕಾರ್ಡಿಯನ್ ನುಡಿಸಿ ಕುಣಿದರು, ಮನೆಯವರು ಗೇಟಿನ ಹತ್ತಿರ ಊಟ ತಂದುಕೊಟ್ಟರು. ಹಿಂದಿನ ವರ್ಷ ರೆನೋ ಕಾರ್ಖಾನೆಯಲ್ಲಿ ಖುದ್ದು ದುಡಿದಿದ್ದ ತತ್ತ್ವಶಾಸ್ತ್ರಜ್ಞೆ ಸಿಮೋನ್ ವೇಲ್, ಬೇಡಿಕೆಗಳ ಮಾತು ಆಮೇಲೆ, ಈ ಮುಷ್ಕರವೇ ಒಂದು ಸಂತೋಷ ಅನ್ನೋ ಅರ್ಥದಲ್ಲಿ ಆಗ ಬರೆದಳು.

ಜೂನ್ 7ರ ರಾತ್ರಿ ಮಾಲೀಕರು, ಯೂನಿಯನ್ನು, ಸರ್ಕಾರ ಕೂತು ಒಪ್ಪಂದ ಮಾಡಿಕೊಂಡರು. ಕೂಲಿ 7ರಿಂದ 15 ಪರ್ಸೆಂಟ್ ಏರಿತು. ಜೂನ್ 20ಕ್ಕೆ ರಜೆಯ ಕಾನೂನು ಬಂತು. ಒಂದು ವರ್ಷ ದುಡಿದ ಎಲ್ಲರಿಗೂ 15 ದಿನ, ಅದರಲ್ಲಿ ಕನಿಷ್ಠ 12 ಕೆಲಸದ ದಿನ, ಪೂರ್ತಿ ಸಂಬಳ. ಮರುದಿನವೇ ವಾರಕ್ಕೆ 40 ಗಂಟೆ ಕೆಲಸದ ಕಾನೂನು. ತಮಾಷೆ ಅಂದ್ರೆ, ಸಂಬಳದ ರಜೆ ಅನ್ನೋದು ಪಾಪ್ಯುಲರ್ ಫ್ರಂಟ್‌ನ ಪ್ರಣಾಳಿಕೆಯಲ್ಲೇ ಇರಲಿಲ್ಲ! ಇವತ್ತು ಆ ಸರ್ಕಾರವನ್ನು ಫ್ರಾನ್ಸ್ ನೆನಪಿಡೋದೇ ಈ ಒಂದು ಕೆಲಸಕ್ಕೆ.

ರಜೆ ಸಿಕ್ಕಿತು, ಹೋಗೋದು ಹೇಗೆ? ನಾಲ್ಕು ಜನರ ರೈಲು ಚಾರ್ಜು ಕೊಟ್ಟರೆ ಆ ಹದಿನೈದು ದಿನದ ಸಂಬಳದಲ್ಲಿ ಎಷ್ಟು ಉಳಿಯುತ್ತೆ? ಇಲ್ಲಿ ಬರೋದು ಲಿಯೋ ಲಗ್ರಾಂಜ್. ಆಗ ಮೂವತ್ತೈದು ವರ್ಷ, ಕ್ರೀಡೆ ಮತ್ತು ಬಿಡುವಿನ ಖಾತೆಯ ಉಪಮಂತ್ರಿ. ವಿರೋಧಿ ಪತ್ರಿಕೆಗಳಿಗೆ ಆ ಖಾತೆಯೇ ಜೋಕ್ ಆಗಿತ್ತು. ಆಗ ರೈಲ್ವೆ ಬೇರೆ ಬೇರೆ ಕಂಪನಿಗಳ ಕೈಯಲ್ಲಿತ್ತು, ಒಂದೇ ರಾಷ್ಟ್ರೀಯ ರೈಲ್ವೆ ಆದದ್ದು 1938ರಲ್ಲಿ. ಲಗ್ರಾಂಜ್ ಆ ಕಂಪನಿಗಳನ್ನು ಒಪ್ಪಿಸಿ ವರ್ಷಕ್ಕೊಮ್ಮೆಯ ರಜಾ ಟಿಕೆಟ್ ತಂದ, 40 ಪರ್ಸೆಂಟ್ ರಿಯಾಯಿತಿ. ಆಗಸ್ಟ್ ಮೊದಲ ವಾರದಿಂದಲೇ ಓಡಾಟ ಶುರು. ಕಾನೂನಿಗೂ ಟಿಕೆಟ್ಟಿಗೂ ನಡುವೆ ಆರೇ ವಾರ! ಆ ವರ್ಷ ಸುಮಾರು 6 ಲಕ್ಷ ಜನ ಈ ಟಿಕೆಟ್‌ನಲ್ಲಿ ಪ್ರಯಾಣ ಮಾಡಿದರು. ಜನ ಅದನ್ನು ‘ಲಗ್ರಾಂಜ್ ಟಿಕೆಟ್’ ಅಂದೇ ಕರೆದರು. ರಿಯಾಯಿತಿ 25 ಪರ್ಸೆಂಟಿಗೆ ಇಳಿದಿದ್ದರೂ ಆ ವಾರ್ಷಿಕ ರಜಾ ಟಿಕೆಟ್ ಇವತ್ತಿಗೂ ಇದೆ.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. 1936ರ ಕಥೆ ಹೇಳುವಾಗ ಎಲ್ಲರೂ ತೋರಿಸೋದು ಕಪ್ಪು ಬಿಳುಪು ಫೋಟೋಗಳನ್ನು: ಟ್ಯಾಂಡೆಮ್ ಸೈಕಲ್ ತುಳಿಯುವ ಜೋಡಿ, ಮೊದಲ ಸಲ ಅಲೆಗೆ ಕಾಲಿಟ್ಟ ಕುಟುಂಬ. ಲೆಕ್ಕ ಹಾಕಿ. ಆಗ ದೇಶದ ಜನಸಂಖ್ಯೆ 4 ಕೋಟಿಗೂ ಹೆಚ್ಚು, ಟಿಕೆಟ್ 6 ಲಕ್ಷ. ಹೆಚ್ಚಿನ ಕಾರ್ಮಿಕರು ಆ ವರ್ಷ ಕಡಲು ನೋಡಲೇ ಇಲ್ಲ. ಮನೆಯಲ್ಲಿ ಮಲಗಿದರು, ಗೋಡೆಗೆ ಬಣ್ಣ ಹೊಡೆದರು, ಹಳ್ಳಿಯಲ್ಲಿದ್ದ ನೆಂಟರ ಮನೆಗೆ ಹೋಗಿ ಗದ್ದೆ ಕೆಲಸಕ್ಕೆ ಕೈಹಾಕಿದರು, ಹತ್ತಿರದ ನದಿಯಲ್ಲಿ ಗಾಳ ಹಾಕಿ ಕೂತರು. ಇದರಿಂದ ಕಥೆ ಸಣ್ಣದಾಗುತ್ತೆ ಅಂತ ನನಗೆ ಅನ್ನಿಸಲ್ಲ. ಮೇಸ್ತ್ರಿಯ ಸೀಟಿ ಇಲ್ಲದ ಹದಿನೈದು ಬೆಳಗ್ಗೆಗಳು, ಅದೂ ಸಂಬಳದ ಜೊತೆ. ಎಲ್ಲಿ ಕಳೆದರು ಅನ್ನೋದು ಎರಡನೇ ಮಾತು.

ಆದರೂ ಕಡಲಿಗೆ ಹೋದವರೇ ಸುದ್ದಿಯಾದರು, ಕಾರಣ ಅಲ್ಲಿ ಮೊದಲೇ ಇದ್ದವರಿಗೆ ಉರಿ. ಇಷ್ಟು ದಿನ ತಮ್ಮದೇ ಅಂದುಕೊಂಡಿದ್ದ ಬೀಚಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುವ, ಕಾರ್ಮಿಕರ ಕ್ಯಾಪ್ ಹಾಕಿದ ಜನ. ‘ಕ್ಯಾಪ್ ಹಾಕಿದ ಕೊಳಕರು’ ಅನ್ನೋ ಬೈಗುಳ ಆಗ ಚಾಲ್ತಿಗೆ ಬಂತು. ‘ಸಂಬಳದ ರಜೆ’ ಅನ್ನೋ ಪದವನ್ನೇ ಜನರಿಗೆ ಅಡ್ಡಹೆಸರಾಗಿ ಬಳಸಿದರು: ನೋಡು, ಸಂಬಳದ ರಜೆಗಳು ಬಂದವು ಅಂತ. ನಮ್ಮ ಬೆಟ್ಟ, ಜಲಪಾತಗಳ ರೀಲ್ಸ್ ಕೆಳಗೆ ‘ಲೋಕಲ್ ಜನ ಬಂದು ಜಾಗ ಹಾಳು ಮಾಡಿದ್ರು’ ಅಂತ ಕಾಮೆಂಟ್ ಬರುತ್ತಲ್ಲ, ಅದೇ ದನಿ.

ಈಗ 1940. ಜರ್ಮನ್ ಸೈನ್ಯ ಆರು ವಾರದಲ್ಲಿ ಫ್ರಾನ್ಸನ್ನು ಮಣಿಸಿತು. ಲಗ್ರಾಂಜ್ ಸೈನ್ಯ ಸೇರಿದ್ದ. ಜೂನ್ 9ರಂದು ರಣರಂಗದಲ್ಲಿ ಸತ್ತ. ಹನ್ನೊಂದು ದಿನದ ನಂತರ, ಜೂನ್ 20ರಂದು, ಮುದಿ ಮಾರ್ಷಲ್ ಪೆತಾಂ ರೇಡಿಯೋದಲ್ಲಿ ದೇಶ ಯಾಕೆ ಸೋತಿತು ಅಂತ ವಿವರಿಸಿದ. ತ್ಯಾಗದ ಮನೋಭಾವವನ್ನು ಸುಖ ಪಡುವ ಮನೋಭಾವ ನುಂಗಿಹಾಕಿತು ಅನ್ನೋದು ಅವನ ವಾದ. ರಜೆಯ ಕಾನೂನು ಬಂದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ! ತಾರೀಕು ಕಾಕತಾಳೀಯ ಇರಬಹುದು, ಬೆರಳು ತೋರಿಸಿದ್ದು ಯಾರ ಕಡೆ ಅಂತ ಕೇಳಿದವರಿಗೆಲ್ಲ ಗೊತ್ತಾಯ್ತು.

1942ರ ಫೆಬ್ರವರಿಯಲ್ಲಿ ರಿಯೋಂ ಅನ್ನೋ ಊರಿನಲ್ಲಿ ಪೆತಾಂ ಸರ್ಕಾರ ವಿಚಾರಣೆ ಶುರು ಮಾಡಿತು. ಆರೋಪಿಗಳ ಸಾಲಿನಲ್ಲಿ ಬ್ಲುಮ್. 40 ಗಂಟೆ ಕೆಲಸ, ಸಂಬಳದ ರಜೆ, ಮುಷ್ಕರಗಳಿಗೆ ಸಡಿಲ ಬಿಟ್ಟದ್ದು, ಇವೆಲ್ಲ ಸೇರಿ ದೇಶದ ರಕ್ಷಣೆ ಕುಗ್ಗಿತು ಅನ್ನೋ ಆರೋಪ. ಅಂದ್ರೆ ಕಾರ್ಮಿಕರ ಕುಟುಂಬ ಮರಳಿನ ಮೇಲೆ ಹದಿನೈದು ದಿನ ಕೂತದ್ದಕ್ಕೆ ದೇಶ ಬಿತ್ತು ಅಂತ ಕೋರ್ಟಿನಲ್ಲಿ ವಾದ.

ಬ್ಲುಮ್ ಎಪ್ಪತ್ತರ ಹತ್ತಿರದ ಮನುಷ್ಯ, ಜೈಲಿನಿಂದ ಬಂದು ನಿಂತಿದ್ದ. ಯಹೂದಿ ಬೇರೆ, ಯಾವ ದಿನ ಏನಾಗುತ್ತೋ ಗೊತ್ತಿಲ್ಲದ ಕಾಲ. ಕ್ಷಮೆ ಕೇಳಲಿಲ್ಲ. ಪ್ರಧಾನಿಯಾಗಿದ್ದಾಗ ಆಫೀಸಿನಿಂದ ಹೊರಗೆ ಬಂದದ್ದೇ ಕಡಿಮೆ, ಬಂದಾಗಲೆಲ್ಲ ಪ್ಯಾರಿಸ್ ಹೊರವಲಯದ ರಸ್ತೆಗಳಲ್ಲಿ ಹಳೇ ಕಾರು, ಮೋಟರ್‌ಸೈಕಲ್ಲು, ಟ್ಯಾಂಡೆಮ್ ಸೈಕಲ್ಲುಗಳ ಸಾಲು ಕಾಣ್ತಿತ್ತು, ಗಂಡ ಹೆಂಡತಿ ಒಂದೇ ಥರದ ಸ್ವೆಟರ್ ಹಾಕಿಕೊಂಡು ಹೋಗ್ತಿದ್ದರು, ಕಷ್ಟದ ಕತ್ತಲಿನ ಬದುಕಿಗೆ ಒಂದಿಷ್ಟು ಬೆಳಕು ತಂದೆ ಅಂತ ಆಗ ತನಗೆ ಅನ್ನಿಸಿತು ಅನ್ನೋ ಅರ್ಥದಲ್ಲಿ ಹೇಳಿದ. ಜಡ್ಜ್‌ಗಳ ಮುಂದೆ ಒಬ್ಬ ಮಾಜಿ ಪ್ರಧಾನಿ ಮ್ಯಾಚಿಂಗ್ ಸ್ವೆಟರ್ ಬಗ್ಗೆ ಮಾತಾಡಿದ್ದು! ಈ ಇಡೀ ಕಥೆಯಲ್ಲಿ ನನಗೆ ಬಿಡದೇ ಕಾಡುವ ದೃಶ್ಯ ಅದು. ಆರೋಪಿಗಳ ಉತ್ತರಗಳಿಂದ ಸರ್ಕಾರವೇ ಮುಜುಗರಕ್ಕೆ ಬಿದ್ದು, ಏಪ್ರಿಲ್‌ನಲ್ಲಿ ವಿಚಾರಣೆ ನಿಂತಿತು. ತೀರ್ಪು ಬರಲೇ ಇಲ್ಲ. 1943ರಲ್ಲಿ ಬ್ಲುಮ್‌ನನ್ನು ಜರ್ಮನಿಯ ಬುಖೆನ್‌ವಾಲ್ಡ್‌ಗೆ ಸಾಗಿಸಿದರು. ಬದುಕಿ ಬಂದ.

ಆ ವರ್ಷಗಳಲ್ಲಿ ಬೀಚುಗಳೂ ಕೈತಪ್ಪಿದವು. ಜರ್ಮನ್ನರು ತೀರದುದ್ದಕ್ಕೂ ಕಾಂಕ್ರೀಟ್ ಬಂಕರ್ ಕಟ್ಟಿ ಮರಳಿನಲ್ಲಿ ಮೈನ್ ಹೂತರು. ಡಚೆಸ್ ಸ್ನಾನ ಮಾಡಿದ್ದ ಅದೇ ದಿಯೆಪ್‌ನಲ್ಲಿ 1942ರ ಆಗಸ್ಟ್ 19ರ ಒಂದೇ ದಿನದ ದಾಳಿಯಲ್ಲಿ 900ಕ್ಕೂ ಹೆಚ್ಚು ಕೆನಡಾ ಸೈನಿಕರು ಸತ್ತರು. ಯುದ್ಧ ಮುಗಿದ ಮೇಲೆ ಮೈನ್ ತೆಗೆದು ಮರಳನ್ನು ಮತ್ತೆ ಮಕ್ಕಳಿಗೆ ಬಿಟ್ಟುಕೊಡಬೇಕಾಯ್ತು. ಬಂಕರ್‌ಗಳು ಬಹಳ ಕಡೆ ಇನ್ನೂ ಇವೆ, ವಾಲಿಕೊಂಡು, ಅರ್ಧ ಮರಳಲ್ಲಿ ಹೂತು.

ಆಮೇಲಿನದು ಗೊತ್ತಿರೋ ಕಥೆ. 1956ರಲ್ಲಿ ರಜೆ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು. ಸಣ್ಣ ಕಾರುಗಳು ಬಂದವು, ಪ್ಯಾರಿಸ್‌ನಿಂದ ದಕ್ಷಿಣದ ಕಡಲಿಗೆ ಹೋಗುವ 7ನೇ ರಾಷ್ಟ್ರೀಯ ಹೆದ್ದಾರಿ ರಜೆಯ ರಸ್ತೆ ಅಂತಲೇ ಹೆಸರಾಯ್ತು. 1953ರಲ್ಲಿ ಜಾಕ್ ತತಿ ‘ಮಿಸ್ಟರ್ ಹುಲೋನ ರಜೆ’ ಅನ್ನೋ ಸಿನಿಮಾ ಮಾಡಿ ಇದನ್ನೆಲ್ಲ ನಗುತ್ತಾ ನೋಡಿದ. ಸಿಕ್ಕರೆ ನೋಡಿ, ಸಬ್‌ಟೈಟಲ್ ಬೇಕೇ ಆಗಲ್ಲ. ಜನ ಸ್ಪೇನ್ ಕಡೆ ಹೋಗೋದನ್ನು ತಡೆಯೋಕೆ 60ರ ದಶಕದಲ್ಲಿ ಸರ್ಕಾರವೇ ದಕ್ಷಿಣದ ಸೊಳ್ಳೆ ತುಂಬಿದ ತೀರದಲ್ಲಿ ಹೊಸ ಊರುಗಳನ್ನು ಎಬ್ಬಿಸಿತು. ಕಾಂಕ್ರೀಟ್ ಜಾಸ್ತಿಯಾಯ್ತು ಅಂತ 1986ರಲ್ಲಿ ಕರಾವಳಿ ರಕ್ಷಣೆಗೆ ಕಾನೂನು ತರಬೇಕಾಯ್ತು.

ನಮ್ಮ ಕಡೆಗೂ ಇದಕ್ಕೊಂದು ಎಳೆ ಇದೆ. ಫ್ರಾನ್ಸಿನ ಕಾನೂನು ಬಂದ ನಾಲ್ಕೇ ದಿನಕ್ಕೆ, 1936ರ ಜೂನ್ 24ರಂದು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಿನೀವಾದಲ್ಲಿ ಸಂಬಳದ ರಜೆಯ ಒಡಂಬಡಿಕೆ ಮಾಡಿತು. ದುಡ್ಡಿಗೋಸ್ಕರ ರಜೆ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡರೆ ಅದು ಊರ್ಜಿತ ಆಗಲ್ಲ ಅನ್ನೋ ಷರತ್ತೂ ಅದರಲ್ಲಿತ್ತು. ಲೀವ್ ಎನ್‌ಕ್ಯಾಶ್‌ಮೆಂಟ್‌ಗೆ ವರ್ಷಗಟ್ಟಲೆ ರಜೆ ಕೂಡಿಡುವ ನಮ್ಮವರಿಗೆ ಇದು ಕೇಳಿ ಕಸಿವಿಸಿ ಆಗಬಹುದು. ನಮ್ಮ 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಿಗ್ತಿತ್ತು. ಭಾಗಿಸಿದರೆ 12. ಫ್ರಾನ್ಸ್ 1936ರಲ್ಲಿ ಕೊಟ್ಟ ಕೆಲಸದ ದಿನಗಳೂ ಕನಿಷ್ಠ 12. ಫ್ಯಾಕ್ಟರಿ ಗೇಟಿನ ಹೊರಗೆ, ಆ್ಯಪ್ ಆಫ್ ಮಾಡಿದರೆ ಆ ದಿನದ ದುಡ್ಡೂ ಆಫ್ ಆಗುವ ಡೆಲಿವರಿ ಹುಡುಗರ ಲೆಕ್ಕ ಇದರಲ್ಲಿ ಬರಲ್ಲ.

ಫ್ರಾನ್ಸಿನಲ್ಲೂ ಲೆಕ್ಕ ಪೂರ್ತಿ ಚುಕ್ತಾ ಆಗಿಲ್ಲ. ಐದು ವಾರದ ರಜೆ ಕಾನೂನಿನಲ್ಲಿದ್ದರೂ ಹೋಗೋಕೆ ದುಡ್ಡಿಲ್ಲದ ಮನೆಗಳಿವೆ. ಅದಕ್ಕೇ ‘ಸೆಕೂರ್ ಪಾಪ್ಯುಲೇರ್’ ಅನ್ನೋ ಸೇವಾ ಸಂಸ್ಥೆ 1979ರಿಂದ ಆಗಸ್ಟ್ ತಿಂಗಳಲ್ಲಿ ಒಂದು ದಿನ ಇಟ್ಟಿದೆ. ಅದರ ಹೆಸರು ‘ರಜೆ ಮರೆತವರ ದಿನ’, ಅಂದ್ರೆ ರಜೆಯೇ ಮರೆತುಬಿಟ್ಟ ಮಕ್ಕಳ ದಿನ. ಪ್ಯಾರಿಸ್ ಸುತ್ತಲಿನ ಬಡಾವಣೆಗಳಿಂದ ಬೆಳಗಿನ ಜಾವ ಬಸ್ಸುಗಳು ಹೊರಡುತ್ತವೆ, ನಾರ್ಮಂಡಿಯ ಬೀಚ್ ಕಡೆಗೆ. ಹತ್ತು ವರ್ಷದ ಕೆಲವು ಮಕ್ಕಳಿಗೆ ಕಡಲು ಕಾಣೋದು ಅದೇ ಮೊದಲು. ಈಜು, ಆಟ, ಊಟ, ಸಂಜೆಗೆ ಅದೇ ಬಸ್ಸಿನಲ್ಲಿ ವಾಪಸ್.