ಚಿನ್ನದ ಗಣಿಯೂ ಕಾವೇರಿಯ ವಿದ್ಯುತ್ತೂ

ನಾನು ವಾಸಿಸುವ ಮಾರತ್ತಹಳ್ಳಿಗೆ ಅನತಿದೂರದಲ್ಲಿರುವ ಕೃಷ್ಣರಾಜಪುರದ ರೈಲುನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತವರು, ಮಾರಿಕುಪ್ಪದ ಕಡೆಯಿಂದ ಬಂದ ಗಾಡಿಯಿಂದ ಜನರು ತಂಡತಂಡವಾಗಿ ಇಳಿಯುವುದನ್ನು ಕಂಡಿರಬಹುದು. ಇವರಲ್ಲಿ ಅನೇಕರು ಕೋಲಾರದ ಚಿನ್ನದ ಗಣಿಯ ಸೀಮೆಯವರು. ಜೀವನೋಪಾಯಕ್ಕಾಗಿ ಪ್ರತಿದಿನವೂ ಬೆಂಗಳೂರಿಗೆ ಬಂದು, ರಾತ್ರಿ ಮನೆ ಸೇರತಕ್ಕವರು. ಪರದೇಶದವರೂ ಕೆಲಸವನ್ನರಸಿ ಹೋಗುತ್ತಿದ್ದ ಊರಿಗೆ ಈ ದಶೆ ಒದಗಿರುವುದು. ಅಲ್ಲಿ ಹೊಸ ಕೈಗಾರಿಕೆಗಳನ್ನು ಸ್ಥಾಪಿಸಬೇಕೆಂಬ ಪ್ರಯತ್ನವು ನಡೆದಿರಲಾಗಿ, ಆ ನೆಲದ ಪೂರ್ವವೃತ್ತಾಂತವನ್ನು ಸ್ಮರಿಸುವುದು ಉಚಿತವೆಂದು ತೋರಿತು.

‘ಗಣಿ’ ಎಂಬುದು ಸಂಸ್ಕೃತದ ‘ಖನಿ’ ಶಬ್ದದ ತದ್ಭವವು. ಅಗೆಯುವುದೆಂಬುದೇ ಅದರ ಧಾತ್ವರ್ಥ. ಕೋಲಾರದಲ್ಲಿ ಪುರಾತನರು ಅಗೆದಿದ್ದ ಕುಳಿಗಳನ್ನು ನೋಡಿ ಲವೆಲ್ ಎಂಬ ಐರ್ಲೆಂಡಿನವನು 1875ರಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆಯನ್ನು ಪಡೆದನು. ಅನಂತರ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಗಣಿಗಳು ಅಭಿವೃದ್ಧಿಗೆ ಬಂದುವು. ಆದರೆ ಆಳಕ್ಕೆ ಇಳಿದಷ್ಟೂ ಯಂತ್ರಗಳ ಹಸಿವು ಹೆಚ್ಚಿತು. ಉಗಿಯಂತ್ರಗಳಿಗೆ ಸೌದೆಯನ್ನೂ ಕಲ್ಲಿದ್ದಲನ್ನೂ ಒದಗಿಸುವುದು ದುಸ್ತರವಾಯಿತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಇದಕ್ಕೊಂದು ಪರಿಹಾರವು ಹೊಳೆಯಿತು. ಲಾಟ್‌ಬಿನಿಯರ್ ಎಂಬ ಇಂಜಿನಿಯರು ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ದಿವಂಗತರಾದರು. ಮರುವರ್ಷ, 1902ರ ಜೂನ್ ತಿಂಗಳಲ್ಲಿ, ಕಾವೇರಿಯ ಶಕ್ತಿಯು 92 ಮೈಲಿ ತಂತಿಯ ಮೇಲೆ ಹರಿದು ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿಗೇ ಸೋಜಿಗವಾಗಿತ್ತು. ಬೆಂಗಳೂರಿನ ಬೀದಿಗಳು ಆ ದೀಪವನ್ನು ಕಂಡದ್ದು 1905ರಲ್ಲಿ, ಗಣಿಗಳಿಗೆ ಮೂರು ವರ್ಷ ತರುವಾಯ. ಇಂಗಾಲದ ಹೊಗೆಯನ್ನು ತಗ್ಗಿಸಿ ಉದ್ಯಮವನ್ನು ನಡೆಸಬೇಕೆಂದು ಇಂದು ಲೋಕವು ಹೇಳುತ್ತಿರುವುದಷ್ಟೆ. ಅದರ ಒಂದು ಪ್ರಥಮಪಾಠವು ನಮ್ಮ ನೆರೆಯಲ್ಲಿಯೇ ನಡೆಯಿತು.

ಆದರೆ ಆ ಪಾಠವು ಅರ್ಧದಲ್ಲಿಯೇ ನಿಂತಿತು. 800 ಟನ್ನಿಗೂ ಮಿಕ್ಕ ಚಿನ್ನವನ್ನು ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಚಿನ್ನವು ಹೊರಟುಹೋಯಿತು. ಸಯನೈಡಿನಿಂದ ತೊಳೆದ ಕಲ್ಲುಪುಡಿ ಮಾತ್ರ ಮೂರು ಕೋಟಿ ಟನ್ನಿಗೂ ಮೀರಿ ದಿಣ್ಣೆದಿಣ್ಣೆಯಾಗಿ ಉಳಿಯಿತು. ಗಾಳಿ ಬೀಸಿದಾಗ ಆ ಧೂಳು ಮನೆಮನೆಯನ್ನೂ ಹೊಗುವುದು. ಶಕ್ತಿಯನ್ನು ಶುದ್ಧವಾಗಿ ತಂದವರು ಶೇಷವನ್ನು ಶುದ್ಧಿಮಾಡುವ ಚಿಂತೆಯನ್ನು ಮಾಡಲಿಲ್ಲ.

ಬಿ. ಇ. ಎಂ. ಎಲ್. ಕಾರ್ಖಾನೆಯವರ ವಶದಲ್ಲಿದ್ದ ಸುಮಾರು 970 ಎಕರೆ ಭೂಮಿಯನ್ನು ಕೈಗಾರಿಕಾ ಪ್ರದೇಶವನ್ನಾಗಿ ಮಾಡಬೇಕೆಂದು ರಾಜ್ಯ ಸರ್ಕಾರವು ಸಂಕಲ್ಪಿಸಿದೆ. 13 ದಿಣ್ಣೆಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ಸಮ್ಮತಿಯನ್ನೂ ಇತ್ತಿದೆ. ಅಂದು ಶಿವನಸಮುದ್ರವಿದ್ದಂತೆ ಇಂದು ಪಾವಗಡದಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರಸ್ಥಾವರವಿದೆ. ಶಕ್ತಿಗೆ ಕೊರತೆಯಿಲ್ಲ, ಬೇಕಾದುದು ವಿವೇಕ. ಹೊಸ ಕಾರ್ಖಾನೆಗಳು ಬಿಸಿಲಿನಿಂದಲೂ ನೀರಿನಿಂದಲೂ ನಡೆಯಲಿ. ಆದರೆ ಧೂಳಿನ ದಿಣ್ಣೆಗಳಿಗೆ ಮೊದಲು ಗತಿಯನ್ನು ಕಾಣಿಸಲಿ. ಗಣಿಗಿಳಿದವರ ಮಕ್ಕಳಿಗೆ ಅಲ್ಲಿಯೇ ಉದ್ಯೋಗವು ಲಭಿಸಲಿ. ಕೃಷ್ಣರಾಜಪುರದಲ್ಲಿ ಇಳಿಯುವ ಆ ಜನಸಂದಣಿಯು ವರ್ಷೇ ವರ್ಷೇ ಕರಗುತ್ತ ಬಂದರೆ, ಕಾರ್ಯವು ಸಫಲವಾಯಿತೆಂದು ತಿಳಿಯಬಹುದು.