ಪದ ಪರಿಚಯ: ಸ್ಯಾಪರ್

ಸ್ಯಾಪರ್ (ನಾಮಪದ)

ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಸೇನಾ ಪಡೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸುದ್ದಿ ಬರೆಯುವಾಗ ಎಷ್ಟೋ ಸಲ ಈ ಪದವನ್ನು ಬರಿಯ ‘ಎಂಜಿನಿಯರ್’ ಮಾಡಿಬಿಡುತ್ತಾರೆ. ಅದು ಸರಿಯಲ್ಲ. ಸ್ಯಾಪರ್‌ನ ಬೇರಿನಲ್ಲಿರುವುದು ಗುದ್ದಲಿ. ಇಟಾಲಿಯನ್ನಿನ ‘ಜಪ್ಪಾ’ ಅಂದರೆ ಗುದ್ದಲಿ; ಅದರ ನಂಟಿನ ಫ್ರೆಂಚ್ ‘ಸಾಪ್’, ಶತ್ರುವಿನ ಕೋಟೆಯತ್ತ ಗುಂಡಿನೇಟಿಗೆ ಸಿಗದಂತೆ ಅಂಕುಡೊಂಕಾಗಿ ತೋಡುತ್ತ ಸಾಗುವ ಕಂದಕ. ತೋಡುವವನು ಸ್ಯಾಪರ್. ಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬುವವನು ಮೈನರ್. ಅಂದಹಾಗೆ, ನಮ್ಮ ‘ಸುರಂಗ’ವೂ ಗ್ರೀಕಿನ ‘ಸಿರಿಂಕ್ಸ್’ನಿಂದ ಸಂಸ್ಕೃತದ ಮೂಲಕ ಬಂದದ್ದೆಂದು ವಿದ್ವಾಂಸರ ಅಭಿಪ್ರಾಯ.

ಕೋಟೆಗಳ ಕಾಲ ಮುಗಿದ ಮೇಲೆ ಅರ್ಥ ಹಿಗ್ಗಿತು: ಸೇತುವೆ ಕಟ್ಟುವವನು, ನೆಲಬಾಂಬ್ ತೆಗೆಯುವವನು, ದಾರಿ ಮಾಡಿಕೊಡುವವನು. ಭಾರತೀಯ ಸೇನೆಯ ಎಂಜಿನಿಯರ್ ದಳದಲ್ಲಿ ಸಾಮಾನ್ಯ ಸಿಪಾಯಿಯ ದರ್ಜೆಯ ಹೆಸರೇ ಸ್ಯಾಪರ್.

1780ರಲ್ಲಿ ಮದ್ರಾಸ್ ಪಯೋನಿಯರ್ಸ್ ಆಗಿ ಹುಟ್ಟಿದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ‘ತಂಬಿ’ ಎಂಬ ಅಕ್ಕರೆಯ ಹೆಸರೂ ಇದೆ. ತಮಿಳಿನ ತಂಬಿ, ನಮ್ಮ ತಮ್ಮ ಒಂದೇ ಬಳ್ಳಿಯವು. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವ ‘ಬ್ಯಾಂಗಲೋರ್ ಟಾರ್ಪೆಡೊ’ವನ್ನು 1912ರಲ್ಲಿ ರೂಪಿಸಿದವರು ಇದೇ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲೂ ಅದು ಬಳಕೆಯಾಯಿತು.