ಮದ್ಯವ್ಯಸನದ ತಪಾಸಣೆ ಮತ್ತು ರೋಗನಿರ್ಣಯ: ಸಾರ್ವಜನಿಕರಿಗೆ ಮಾಹಿತಿ

ರಂಗಂಪೇಟೆ ಹಾಗೂ ಸುರಪುರ ತಾಲ್ಲೂಕಿನ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಗಿದೆ. ಆದಾಗ್ಯೂ ಮದ್ಯವ್ಯಸನವು ಯಾವುದೇ ಬಗೆಯ ಮದ್ಯದಿಂದ ಉಂಟಾಗಬಹುದು. ಇದು ಚಿಕಿತ್ಸೆಯುಳ್ಳ ಕಾಯಿಲೆಯೇ ಹೊರತು ನಡತೆಯ ದೋಷವಲ್ಲ.

1. ತಪಾಸಣೆ
ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿರುವ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿದ್ದು, ಪ್ರತಿ ಪ್ರಶ್ನೆಗೆ 0ಯಿಂದ 4ರವರೆಗೆ ಅಂಕಗಳಿರುತ್ತವೆ. ಕುಡಿಯುವ ಪ್ರಮಾಣ, ಕುಡಿತದ ಮೇಲಿನ ಹಿಡಿತ ಹಾಗೂ ಅದರಿಂದಾದ ಹಾನಿಯನ್ನು ಇದರಲ್ಲಿ ಕೇಳಲಾಗುತ್ತದೆ.

2. ಪ್ರಮಾಣವನ್ನು ತಿಳಿಸುವ ಕ್ರಮ
ವಿಸ್ಕಿ, ರಮ್ ಮುಂತಾದವುಗಳ 30 ಮಿ.ಲೀ. ಅನ್ನು ಒಂದು ಅಳತೆಯೆಂದು ಎಣಿಸಲಾಗುತ್ತದೆ. ಅದರಂತೆ 90 ಮಿ.ಲೀ. ಪ್ಯಾಕೆಟ್ 3 ಅಳತೆ, 180 ಮಿ.ಲೀ. ಕ್ವಾರ್ಟರ್ 6 ಅಳತೆಯಾಗುತ್ತದೆ. ‘ದಿನಕ್ಕೆ ಒಂದೇ ಕ್ವಾರ್ಟರ್’ ಎಂಬುದು ಅಲ್ಪ ಪ್ರಮಾಣವಲ್ಲ. ಸೇಂದಿ ಕುಡಿಯುವವರು ಅದನ್ನೂ ತಿಳಿಸತಕ್ಕದ್ದು. ಅದರಲ್ಲಿ ಮತ್ತು ಬರಿಸುವ ಸಿ.ಎಚ್. ಪುಡಿ ಬೆರೆತಿದ್ದಲ್ಲಿ ಚಿಕಿತ್ಸೆಯ ಕ್ರಮ ಬದಲಾಗಬಹುದು.

3. ಅಂಕಗಳ ಅರ್ಥ
8ರಿಂದ 15: ಕುಡಿತ ಕಡಿಮೆ ಮಾಡಲು ಸಲಹೆ.
16ರಿಂದ 19: ಆಪ್ತಸಮಾಲೋಚನೆ ಹಾಗೂ ಮರುಭೇಟಿ.
20 ಮತ್ತು ಮೇಲ್ಪಟ್ಟು: ವಿವರವಾದ ರೋಗನಿರ್ಣಯ.
ಅಂಕವು ಸೂಚನೆ ಮಾತ್ರ. ಅದೊಂದರಿಂದಲೇ ಯಾರನ್ನೂ ವ್ಯಸನಿಯೆಂದು ತೀರ್ಮಾನಿಸಲಾಗುವುದಿಲ್ಲ.

4. ರೋಗನಿರ್ಣಯ
ವೈದ್ಯರು ವಿಚಾರಣೆ ಹಾಗೂ ದೇಹಪರೀಕ್ಷೆಯ ಮೂಲಕ ರೋಗನಿರ್ಣಯ ಮಾಡುತ್ತಾರೆ. 2013ರಲ್ಲಿ ಪ್ರಕಟವಾದ ಡಿ.ಎಸ್.ಎಂ.-5 ಕೈಪಿಡಿಯ ಪ್ರಕಾರ, 12 ತಿಂಗಳ ಅವಧಿಯಲ್ಲಿ 11 ಲಕ್ಷಣಗಳ ಪೈಕಿ ಕನಿಷ್ಠ 2 ಕಂಡುಬಂದಲ್ಲಿ ಕಾಯಿಲೆ ಇದೆಯೆಂದು ಪರಿಗಣಿಸಲಾಗುತ್ತದೆ. 2–3 ಲಕ್ಷಣಗಳಿದ್ದಲ್ಲಿ ಸೌಮ್ಯ, 4–5 ಇದ್ದಲ್ಲಿ ಮಧ್ಯಮ, 6 ಅಥವಾ ಹೆಚ್ಚಿದ್ದಲ್ಲಿ ತೀವ್ರ. ರಕ್ತಪರೀಕ್ಷೆಯು ಯಕೃತ್ತಿನ ಸ್ಥಿತಿಯನ್ನು ತಿಳಿಯಲು ನೆರವಾಗುತ್ತದೆ. ವರದಿ ಸರಿಯಿದ್ದ ಮಾತ್ರಕ್ಕೆ ವ್ಯಸನವಿಲ್ಲವೆಂದಲ್ಲ.

5. ಮುಖ್ಯ ಎಚ್ಚರಿಕೆ
ಪ್ರತಿದಿನ ಹೆಚ್ಚು ಕುಡಿಯುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಕುಡಿತದ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್. ಎರಡು–ಮೂರು ದಿನಗಳಲ್ಲಿ ಇಲ್ಲದ್ದು ಕಾಣುವುದು, ಅಸಂಬದ್ಧವಾಗಿ ಮಾತನಾಡುವುದು ಉಂಟಾಗಬಹುದು. ಇದರಿಂದ ಪ್ರಾಣಾಪಾಯವೂ ಸಂಭವಿಸಬಹುದು. ಇದನ್ನು ಗಾಳಿ ಸೋಕಿದೆಯೆಂದು ಭಾವಿಸಿ ಕಾಲಹರಣ ಮಾಡದೆ, 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯುವುದು. ಹೆಂಡತಿ, ತಾಯಿ ಅಥವಾ ಮನೆಯ ಇತರರು ಜೊತೆಗೆ ಬಂದು ಕೊನೆಯ ಬಾರಿ ಕುಡಿದ ಸಮಯವನ್ನು ತಿಳಿಸಿದಲ್ಲಿ ಅನುಕೂಲವಾಗುತ್ತದೆ.

6. ಗೋಪ್ಯತೆ
ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಡಿ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಒಳಪಡುತ್ತವೆ. ಕಾನೂನಿನಲ್ಲಿ ಹೇಳಿರುವ ಸಂದರ್ಭಗಳನ್ನು ಹೊರತುಪಡಿಸಿ, ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡತಕ್ಕದ್ದು. ಆದ್ದರಿಂದ ಪ್ರಮಾಣವನ್ನು ಮರೆಮಾಚುವ ಅಗತ್ಯವಿಲ್ಲ.

7. ಸಂಪರ್ಕಿಸಬೇಕಾದ ಸ್ಥಳ
ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸುರಪುರದ ತಾಲ್ಲೂಕು ಆಸ್ಪತ್ರೆ. ಹೆಚ್ಚಿನ ಚಿಕಿತ್ಸೆಗೆ ಯಾದಗಿರಿಯ ಜಿಲ್ಲಾ ಆಸ್ಪತ್ರೆ. ಹಿಂದಿನ ಚಿಕಿತ್ಸೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ತರುವುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.